ನೀಲವ್ವನ ಮನೆಯಲ್ಲಿಟ್ಟ ಪ್ರಸ್ಥಾನ

ಇಂಡಿ ಊರಿನ ಪೇಟೆಯಲ್ಲಿ ತಾಡಪತ್ರಿ ಮಾರುವ ಅಂಗಡಿಗಳ ಒಂದು ಸಾಲಿದೆ. ಮಳೆ ಹಿಂದೆ ಸರಿದು ಬಿಸಿಲು ಚುರುಕಾಗುವ ದಸರೆಯ ದಿನಗಳಲ್ಲಿ ಅಂಗಡಿಯವರು ಮಡಿಕೆ ಬಿಚ್ಚಿ ಅವನ್ನು ರಸ್ತೆಯ ಬದಿಗೆ ಹಾಸಿರುತ್ತಾರೆ. ಈಗೆಲ್ಲ ನೀಲಿ ಪ್ಲಾಸ್ಟಿಕ್ಕಿನವೇ ಹೆಚ್ಚು. ಆದರೂ ಮೂಲೆಯಲ್ಲಿ ಒಂದೆರಡು ಹಳೆಯ ಕಾಲದ ಕ್ಯಾನ್ವಾಸಿನವು ಇದ್ದೇ ಇರುತ್ತವೆ. ಬಿಸಿಲಿಗೆ ಕಾದ ಆ ದಪ್ಪ ಬಟ್ಟೆಯಿಂದ ಮೇಣದ್ದೂ ಧೂಳಿನದೂ ಬೆರೆತ ವಾಸನೆ ಏಳುತ್ತದೆ. ನಾನು ಕಲಿಸುವ ಶಾಲೆಗೆ ಹೋಗಲು ಅದೇ ದಾರಿ, ಬೇರೆ ಇಲ್ಲ. ನೆನಪು ಬಂದರೆ ಜನರಿಗೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಆ ವಾಸನೆ ಮೂಗಿಗೆ ಬಡಿದದ್ದೇ ಹೂವಿನ ಹಿಪ್ಪರಗಿಯ ನಮ್ಮ ಮನೆಯ ಅಟ್ಟದಿಂದ ಅಪ್ಪ ಹಾಸಿಗೆ ಸುತ್ತುವ ಕ್ಯಾನ್ವಾಸಿನ ಹೋಲ್ಡಾಲನ್ನು ಕೆಳಗೆ ಎಸೆದ ಸದ್ದು ಕೇಳಿಸುತ್ತದೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೈಯುತ್ತಾಳೆ, ನಾನು ಅದರ ಚರ್ಮದ ಪಟ್ಟಿ ಹಿಡಿದು ಅಂಗಳಕ್ಕೆ ಎಳೆಯುತ್ತೇನೆ. ನಾಲ್ಕು ವರ್ಷ, ಪ್ರತಿ ದಸರೆಗೂ ಆ ಹೋಲ್ಡಾಲು ಅಂಗಳದಲ್ಲಿ ಬಿಸಿಲು ಕಾಯಿತು. ಮೂರು ವರ್ಷ ಬಿಸಿಲು ಕಾಯಿಸಿಕೊಂಡು ಮತ್ತೆ ಅಟ್ಟ ಹತ್ತಿತು.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅವ್ವ, ನಾನು, ಮತ್ತು ಅಪ್ಪನ ಅಕ್ಕ ಗೋದಾ ಅತ್ಯಾ. ಅತ್ಯಾಳ ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ತವರಿಗೆ ಮರಳಿ ಬಂದವಳು, ತಾಯಿ ಹೋದ ಮೇಲೆ ಏಳು ವರ್ಷದ ತಮ್ಮನನ್ನು ತಾನೇ ಬೆಳೆಸಿದಳು. ಮಡಿ ಹೆಂಗಸು. ಹೊರಗಿನ ಅನ್ನ ಮುಟ್ಟುತ್ತಿರಲಿಲ್ಲ, ಏಕಾದಶಿಗೆ ನೀರು ಕೂಡ ಕುಡಿಯುತ್ತಿರಲಿಲ್ಲ, ಸುಳ್ಳು ಹೇಳಿದವರ ಜೊತೆ ಎರಡು ದಿನ ಮಾತು ಬಿಡುತ್ತಿದ್ದಳು. ನಾನು ಬೆಲ್ಲ ಕದ್ದು ತಿಂದು ಇಲ್ಲವೆಂದದ್ದಕ್ಕೆ ಆ ಶಿಕ್ಷೆ ಎಷ್ಟು ಸಲ ಅನುಭವಿಸಿದ್ದೇನೋ ಲೆಕ್ಕವಿಲ್ಲ. ಅಂಥವಳಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ, ಸಮುದ್ರ ಸ್ನಾನ. ಕಾಶಿಯ ಮಾತು ಯಾರಾದರೂ ಎತ್ತಿದರೆ ಅವಳದು ಸಿದ್ಧ ಉತ್ತರ: “ಕಾಶಿಗೆ ಯಾರು ಒಯ್ತಾರ ಬಿಡ್ರಿ. ಗಂಗಿ, ಯಮುನಿ, ನಮ್ಮ ಕೃಷ್ಣಿ, ಎಲ್ಲಾರೂ ಹೋಗಿ ಸೇರೋದು ಸಮುದ್ರಕ್ಕನs ಅಲ್ಲೇನು? ಒಂದು ಮುಳುಗಿನಾಗ ಎಲ್ಲಾ ಆಗ್ತದ.” ಅಪ್ಪ ನೌಕರಿ ಸೇರಿದ ದಿನವೇ ಅಕ್ಕನಿಗೆ ಮಾತು ಕೊಟ್ಟಿದ್ದರಂತೆ. ಆ ಮಾತು ಕೊಟ್ಟು ಹದಿನೈದು ವರ್ಷವಾಗಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ಅಪ್ಪ ಕೊನೆಗೂ ಪ್ರಯಾಣದ ನಕ್ಷೆ ಬರೆದರು. ಬರೆದದ್ದು ಪಡಸಾಲೆಯ ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ. ಬಸ್ಸಿನಲ್ಲಿ ಬಿಜಾಪುರ, ಬೆಳಗಾಂವಿ, ಘಟ್ಟ ಇಳಿದು ಪಣಜಿ. ಅಲ್ಲಿಂದ ಆಗಬೋಟಿನಲ್ಲಿ ಮುಂಬಯಿ. ಮಳೆಗಾಲದಲ್ಲಿ ಆಗಬೋಟು ಬಂದರಿನಲ್ಲೇ ಕೂತಿರುತ್ತಿತ್ತು, ಮಳೆ ಮುಗಿದು ಸಮುದ್ರ ತಣ್ಣಗಾದ ಮೇಲೆ ಮತ್ತೆ ಹೊರಡುತ್ತಿತ್ತು. ಹಾಗಾಗಿ ನಮ್ಮ ದಸರೆಯ ರಜೆಗೂ ಅದಕ್ಕೂ ಸರಿಯಾಗಿ ಜೋಡಿಯಾಗುತ್ತಿತ್ತು. ಮುಂಬಯಿಯಲ್ಲಿ ಅವ್ವನ ಅಕ್ಕನ ಮನೆಯಲ್ಲಿ ನಾಲ್ಕು ದಿನ. ಮತ್ತೆ ರಸ್ತೆ ಹಿಡಿದು ಪುಣೆ, ಪಂಢರಪುರ, ಸೊಲ್ಲಾಪುರ, ಝಳಕಿ ಮೇಲೆ ಹಾದು ದೀಪಾವಳಿಗೆ ಮನೆ. ಆಗಬೋಟು ನಿಲ್ಲುವ ಬಂದರುಗಳನ್ನು ಅಪ್ಪ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು: ವೆಂಗುರ್ಲಾ, ಮಾಲವಣ, ದೇವಗಡ, ವಿಜಯದುರ್ಗ, ರತ್ನಾಗಿರಿ. ತರಗತಿಯ ಹುಡುಗಿಯರ ಮುಂದೆ ನಾನು ಅವನ್ನು ಒಂದೇ ಉಸಿರಿಗೆ ಹೇಳಿ ತೋರಿಸುತ್ತಿದ್ದೆ, ಹೋಗಿ ಬಂದವಳ ಹಾಗೆ. ಅವ್ವ ಮಾತ್ರ ಶೇಂಗಾ ಹೋಳಿಗೆ, ಚಕ್ಕಲಿ, ಹಚ್ಚಿದ ಅವಲಕ್ಕಿಯನ್ನು ಡಬ್ಬಿಗೆ ತುಂಬುತ್ತ, “ಹೋಗೋದು ಎಂದೋ ಏನೋ, ಚಕ್ಕಲಿ ಅಂತೂ ಇಲ್ಲೇ ಮುಗೀತಾವ” ಎಂದು ಗೊಣಗುತ್ತಿದ್ದಳು. ಅವಳ ನಾಲಿಗೆಯ ಮೇಲೆ ಮಚ್ಚೆ ಇತ್ತೋ ಏನೋ, ಅಂದದ್ದೆಲ್ಲ ಆಯಿತು.

ಸಮುದ್ರ ಇದ್ದಲ್ಲಿಯೇ ಇರುತ್ತದೆ, ಹೋಗಿ ಮುಳುಗಿದರಾಯಿತು ಎಂದು ನಿಮಗೆ ಅನ್ನಿಸಬಹುದು. ಅತ್ಯಾಳ ಲೆಕ್ಕ ಅಷ್ಟು ಸಲೀಸಲ್ಲ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವಕಾಲ ಬಿಟ್ಟು ಉಳಿದ ದಿನ ಸಮುದ್ರವನ್ನು ನೋಡಿ ಕೈ ಮುಗಿಯಬೇಕೇ ಹೊರತು ಮುಟ್ಟಬಾರದು. ಹಾಗಾಗಿ ದಸರೆ ಮುಗಿದ ಐದನೆಯ ದಿನ ಬರುವ ಶೀಗಿ ಹುಣ್ಣಿಮೆಗೆ ಪಣಜಿ ಮುಟ್ಟಬೇಕೆಂದು ಗೊತ್ತಾಯಿತು. ಇನ್ನು ಹೊರಡುವ ದಿನಕ್ಕೆ ವಾರ ಕೂಡಿ ಬರಬೇಕು, ನಕ್ಷತ್ರ ಕೂಡಿ ಬರಬೇಕು. ಅದು ಕೂಡಿ ಬರದಿದ್ದರೆ ಹಿರಿಯರು ಹುಡುಕಿಟ್ಟ ಉಪಾಯ ಪ್ರಸ್ಥಾನ. ಒಳ್ಳೆಯ ಮುಹೂರ್ತದಲ್ಲಿ, ಹೋಗುವವರ ಒಂದೊಂದು ಅರಿವೆಯನ್ನು ಅಕ್ಕಿ, ಅರಿಷಿಣ, ಅಡಿಕೆಯ ಜೊತೆ ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಅನುಕೂಲವಾದ ದಿನ ಆ ಗಂಟು ಎತ್ತಿಕೊಂಡು ಮುಂದೆ ನಡೆಯಬಹುದು. ಕಟ್ಟುನಿಟ್ಟು ಒಂದೇ: ಊರ ಸೀಮೆ ದಾಟಿ ಬರುವವರೆಗೆ ಗಂಟು ಮನೆಯೊಳಗೆ ಮರಳಬಾರದು. ವಿಜಯದಶಮಿಯ ದಿನ ಬನ್ನಿ ಕೊಟ್ಟು ಬಂದ ಕೂಡಲೆ ಅತ್ಯಾ ಗಂಟು ಕಟ್ಟಿದಳು. ಅಪ್ಪನ ಶಲ್ಯ, ಅವ್ವನ ಇಳಕಲ್ಲ ಖಣ, ಸಮುದ್ರದಲ್ಲಿ ಉಟ್ಟು ಮುಳುಗಲೆಂದು ತೆಗೆದಿಟ್ಟ ಅತ್ಯಾಳ ಹೊಸ ಸೀರೆ. ನನ್ನದೆಂದು ಗುಲಾಬಿ ಬಣ್ಣದ ಝಾಲರಿನ ಫ್ರಾಕು. ಒಮ್ಮೆಯೂ ಹಾಕಿರದ ಫ್ರಾಕು ಅದು. ನಾನು ಅತ್ತರೂ ಕೇಳಲಿಲ್ಲ.

ನಮ್ಮ ಪಡುವಣ ದಿಕ್ಕಿಗಿದ್ದದ್ದು ನೀಲವ್ವನ ಮನೆ. ಒಕ್ಕಲುತನದ ದೊಡ್ಡ ಮನೆತನ, ದೇವಡಿಯಲ್ಲಿ ಎತ್ತು, ಪಡಸಾಲೆಯಲ್ಲಿ ಜೋಳದ ಚೀಲ. ನೀಲವ್ವ ಅತ್ಯಾಳಿಗಿಂತ ನಾಲ್ಕೈದು ವರ್ಷ ಸಣ್ಣವಳು, ಬಾಯಿ ಮಾತ್ರ ನಾಲ್ಕು ಜನರಷ್ಟು. ಅತ್ಯಾ ಅವಳ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ, ಆದರೆ ಅವಳ ಜೊತೆ ಮಾತಾಡದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಗಂಟನ್ನು ನೀಲವ್ವ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿ, ತಮ್ಮ ದೇವರ ಜಗಲಿಯ ಪಕ್ಕದ ಗೂಟಕ್ಕೆ ತೂಗುಹಾಕಿದಳು. “ಹೂವಿನಂಗ ನೋಡ್ಕೋತೇನ್ರಿ ಗೋದಕ್ಕಾರ. ನೀವು ಎಂದ ಹೊಂಟರೂ ಕೈಯಾಗ ಇಡ್ತೇನಿ” ಎಂದಳು. ಎರಡು ದಿನ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಮಾತಾಯಿತು.

ಮರುದಿನ ಸಿಂದಗಿಯಿಂದ ಕಾರ್ಡು ಬಂತು. ಮೂಲೆ ಹರಿದ, ಸಾವಿನ ಸುದ್ದಿಯ ಕಾರ್ಡು. ಅಪ್ಪನ ದಾಯಾದಿಗಳಲ್ಲಿ ಯಾರೋ ಒಬ್ಬ ಮುದುಕ, ನಾನು ಹುಟ್ಟಿದ ಮೇಲೆ ಒಮ್ಮೆಯೂ ನಮ್ಮ ಹೊಸಿಲು ತುಳಿಯದವನು, ಅಪ್ಪನನ್ನು ಕಂಡರೆ ಮುಖ ತಿರುಗಿಸುತ್ತಿದ್ದವನು, ಸರಿಯಾಗಿ ಅದೇ ವಾರ ನೋಡಿ ಸತ್ತಿದ್ದ. ಹತ್ತು ದಿನ ಸೂತಕ. ಅತ್ಯಾ ಬೇರೆ ಗೋತ್ರಕ್ಕೆ ಹೋದವಳು, ಅವಳಿಗೆ ಅದರ ಬಾಧೆಯಿಲ್ಲ. ಆದರೆ ಕರೆದುಕೊಂಡು ಹೋಗಬೇಕಾದ ಅಪ್ಪನಿಗೆ ಇತ್ತು. ಅಂಚೆಯವನು ಒಂದೆರಡು ದಿನ ಮೈಗಳ್ಳತನ ಮಾಡಿದ್ದರೆ ನಾವು ಘಟ್ಟ ಇಳಿದಿರುತ್ತಿದ್ದೆವು. ಆ ವರ್ಷವೇ ಅವನು ಅಷ್ಟು ಚುರುಕಾಗಬೇಕಿತ್ತೆ? ಅಪ್ಪ ಕಾರ್ಡು ಹಿಡಿದು ಕಟ್ಟೆಯ ಮೇಲೆ ಕೂತರು. ಅತ್ಯಾ ಹೋಲ್ಡಾಲಿನ ಪಟ್ಟಿ ಬಿಚ್ಚಿ ಒಳಗಿನ ಹಾಸಿಗೆ ತೆಗೆದು ಕೊಡವಿದಳು. “ಬರೋ ವರ್ಷ ಹೋಗೋಣು ವಾಸು. ಸಮುದ್ರ ಬತ್ತೋದಿಲ್ಲ” ಎಂದು ತಮ್ಮನಿಗೆ ಹೇಳಿದಳು. ನಾನು ಫ್ರಾಕು ಬೇಕೆಂದು ನೀಲವ್ವನ ಮನೆಗೆ ಓಡಿದೆ. ಅತ್ಯಾ ಹಿಂದೆಯೇ ಬಂದು ನನ್ನನ್ನು ಎಳೆದುಕೊಂಡು ಹೋದಳು. ಹೊರಗಿಟ್ಟ ಹೆಜ್ಜೆ ಒಳಗೆ ತರಬಾರದಂತೆ. ಗಂಟು ಗೂಟದಲ್ಲೇ ಉಳಿಯಿತು, ಒಂದು ವರ್ಷ.

ಅಂದಿನಿಂದ ಅತ್ಯಾ ಸಂಜೆಯ ಹೊತ್ತು ನೀಲವ್ವನ ಪಡಸಾಲೆಯಲ್ಲಿ, ಗಂಟು ಕಾಣುವಂಥ ಜಾಗ ನೋಡಿ ಕೂರತೊಡಗಿದಳು. ಬತ್ತಿ ಹೊಸೆಯುತ್ತ ಅತ್ಯಾ, ಕಾಳು ಹಸನು ಮಾಡುತ್ತ ನೀಲವ್ವ. ಇಬ್ಬರೂ ಸಮುದ್ರ ನೋಡಿದವರಲ್ಲ, ಅದಕ್ಕೇ ಅದರ ಬಗ್ಗೆ ಮಾತು ಮುಗಿಯುತ್ತಿರಲಿಲ್ಲ. “ಅಲ್ರಿ ಗೋದಕ್ಕಾರ, ಅಷ್ಟೊಂದ ನೀರ ಐತಿ ಅಂತೀರಿ. ಅದರ ಮ್ಯಾಲ ಒಂದ ಎಕರೆನೂ ಬೆಳಿ ತಗಿಯಾಂಗಿಲ್ಲೇನ್ರಿ?” ಎಂದು ನೀಲವ್ವ ಕೇಳಿದ್ದು ನನಗಿನ್ನೂ ನೆನಪಿದೆ. “ಉಪ್ಪು ಬೆಳೀತಾರಂತ” ಎಂದಳು ಅತ್ಯಾ. ನೀಲವ್ವ ಮೊರ ಕೆಳಗಿಟ್ಟು ವಿಚಾರ ಮಾಡಿ, “ಚೊಲೋ ಆತು ಬಿಡ್ರಿ. ಉಪ್ಪಿಗೆ ಕಳಿ ತಗಿಯೂ ಚಿಂತಿ ಇಲ್ಲ” ಎಂದಳು. ಸಮುದ್ರ ಮುಟ್ಟಿದರೆ ಹೇಗಿರುತ್ತದೆ, ತಣ್ಣಗೋ ಬೆಚ್ಚಗೋ, ಅಂಟುತ್ತದೋ ಇಲ್ಲವೋ ಎಂಬುದು ನೀಲವ್ವನಿಗೆ ದೊಡ್ಡ ಪ್ರಶ್ನೆಯಾಗಿತ್ತು. “ನೀವು ಮುಟ್ಟಿ ಬಂದ್ರ ನಾನೂ ಮುಟ್ಟಿಧಂಗನs. ಬಂದ ಕೂಡ್ಲೆ ಮದಲ ನನಗs ಹೇಳಬೇಕ್ರಿ ಮತ್ತ” ಎಂದು ಅವಳು ವಚನ ತೆಗೆದುಕೊಂಡಿದ್ದಳು. ಹೂಂ ಎಂದಿದ್ದಳು ಅತ್ಯಾ.

ಮುಂದಿನ ದಸರೆಗೆ ಮತ್ತೆ ಹೋಲ್ಡಾಲು ಇಳಿಯಿತು, ಚಕ್ಕಲಿ ಕರಿದದ್ದಾಯಿತು. ಹೊರಡುವ ಹಿಂದಿನ ದಿನ ಅಪ್ಪನಿಗೆ ಮುದ್ದೇಬಿಹಾಳಕ್ಕೆ ಚುನಾವಣೆಯ ಕೆಲಸಕ್ಕೆ ಹಾಜರಾಗಲು ಹುಕುಂ ಬಂತು. ಅಪ್ಪ ಅರ್ಜಿ ಬರೆದುಕೊಂಡು ಹೋದರು, ಸಾಹೇಬರ ಮುಂದೆ ಅಕ್ಕನ ಸಮುದ್ರ ಸ್ನಾನದ ವಿಷಯ ಹೇಳಿದರಂತೆ. ಸಾಹೇಬರು ನಕ್ಕರಂತೆ. ಅದರ ಮುಂದಿನ ವರ್ಷ ಹಿಂಗಾರು ಮಳೆ ಎಂದೂ ಇಲ್ಲದ ಹಾಗೆ ಸುರಿದು ಡೋಣಿ ನದಿ ತುಂಬಿ ಬಂತು, ಬಿಜಾಪುರದ ದಾರಿ ನಾಲ್ಕು ದಿನ ಬಂದಾಯಿತು. ಡೋಣಿ ಹರಿದರೆ ಓಣೆಲ್ಲ ಜೋಳ ಎಂದು ಊರೆಲ್ಲ ಹಿಗ್ಗುತ್ತಿತ್ತು. ನೀಲವ್ವನ ಮನೆಯವರು ಎತ್ತಿನ ಕೋಡಿಗೆ ಬಣ್ಣ ಬಳಿಯುವುದೊಂದು ಬಾಕಿ. ನಾನು ಕಟ್ಟೆಯ ಮೇಲೆ ಕೂತು ಆ ನದಿಗೆ, ಮಳೆಗೆ, ಜೋಳಕ್ಕೆ ಎಲ್ಲಕ್ಕೂ ಬೈದೆ. ತರಗತಿಯಲ್ಲಿ ಹುಡುಗಿಯರು “ಏನ ಸುಮಿ, ರತ್ನಾಗಿರಿ ಮುಟ್ಟಿದೇನ?” ಎಂದು ಚುಡಾಯಿಸುತ್ತಿದ್ದರು, ನಾನು ಒಬ್ಬಳ ಜಡೆ ಹಿಡಿದೆಳೆದು ಹೆಡ್ ಮಾಸ್ತರರ ಮುಂದೆ ನಿಂತೆ. ಗೋಡೆಯ ಮೇಲಿನ ಸೀಮೆಸುಣ್ಣದ ನಕ್ಷೆ ಅಳಿಸುತ್ತ ಬಂದಿತ್ತು. ಅಪ್ಪ ಅದನ್ನು ಮತ್ತೆ ತಿದ್ದಲಿಲ್ಲ. ಅತ್ಯಾಳಿಗೆ ಮುಖ ಕೊಟ್ಟು ಮಾತಾಡುವುದನ್ನೂ ಕಡಿಮೆ ಮಾಡಿದ್ದರು.

ನಾಲ್ಕನೆಯ ವರ್ಷ ಎಲ್ಲವೂ ಕೂಡಿ ಬಂತು. ಯಾರೂ ಸಾಯಲಿಲ್ಲ, ಹುಕುಂ ಬರಲಿಲ್ಲ, ಡೋಣಿ ತನ್ನ ಪಾತ್ರದೊಳಗೇ ಇತ್ತು. ಅಪ್ಪ ಪಂಚಾಂಗ, ಬಸ್ಸಿನ ವೇಳೆ ಎರಡನ್ನೂ ಎದುರಿಗಿಟ್ಟುಕೊಂಡು ಕೂತರು. ಹುಣ್ಣಿಮೆಯ ತಿಥಿ ಆ ದಿನ ಮಧ್ಯಾಹ್ನ ಒಂದು ಗಂಟೆಗೇ ಮುಗಿಯುವುದಿತ್ತು. ಹೊರಗಿನ ಅನ್ನ ತಿನ್ನದ ಅಕ್ಕನನ್ನು ದಾರಿಯಲ್ಲಿ ಹೆಚ್ಚು ದಿನ ಅವಲಕ್ಕಿಯ ಮೇಲೆ ಇಡಬಾರದೆಂದು ಒಂದೇ ದಿನ ಮೊದಲು ಹೊರಡುವುದೆಂದು ಠರಾಯಿಸಿದರು. ಮಧ್ಯಾಹ್ನದ ಬಸ್ಸು ಹಿಡಿದರೆ ವೇಳೆಗೆ ಮುಟ್ಟುವುದಿಲ್ಲ, ಮುಂಜಾನೆ ಆರೂವರೆಯ ಬಸ್ಸೇ ಆಗಬೇಕು. ಆಗ ಸಂಜೆಗೆ ಬೆಳಗಾಂವಿ, ಮರುದಿನ ಮೊದಲ ಬಸ್ಸಿಗೆ ಪಣಜಿ, ಹನ್ನೊಂದಕ್ಕೆಲ್ಲ ಸಮುದ್ರದ ದಂಡೆ. ಗಣಿತದ ಮಾಸ್ತರರ ಲೆಕ್ಕ, ಒಂದು ನಿಮಿಷವೂ ತಪ್ಪಿಲ್ಲ. ನನಗೆ ಹೇಳಿದರು, ಅವ್ವನಿಗೆ ಹೇಳಿದರು, ಕಂಡಕ್ಟರನಿಗೂ ಹೇಳಿದರು. ನೀಲವ್ವನಿಗೆ ದಿನ ಹೇಳಿದ್ದೆವು, ಬಸ್ಸು ಬದಲಾದದ್ದನ್ನು ಹೇಳಲು ಅತ್ಯಾ ಸೇರಿ ನಾವೆಲ್ಲರೂ ಮರೆತೆವು. ಅವಳ ತಲೆಯಲ್ಲಿ ಮೂರು ವರ್ಷದಿಂದ ಕೂತಿದ್ದದ್ದು ಮಧ್ಯಾಹ್ನದ ಬಸ್ಸೇ.

ಅಂದು ಬೆಳಗಿನಲ್ಲಿ ಮನೆಯಿಂದ ಸಾಮಾನು ಹೊತ್ತು ಹೊರಬಿದ್ದಾಗ ಪಡುವಣ ಮನೆಯ ಬಾಗಿಲಿಗೆ ಕೀಲಿ, ಕೈಯಗಲದ ಬೀಗ, ಜೋತಾಡುತ್ತಿತ್ತು. ಹಿಂಗಾರಿ ಬಿತ್ತಿಗೆಯ ಕೂರಿಗೆ ಪೂಜೆಗೆಂದು ಮನೆಮಂದಿಯೆಲ್ಲ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಹೊಲವೋ ಊರಿಂದ ಒಂದು ಹರದಾರಿ. ಗಂಟು ಒಳಗೆ. ಬಸ್ಸು ನಿಲ್ದಾಣಕ್ಕೆ ಬಂದು ಹಾರ್ನು ಹೊಡೆಯತೊಡಗಿತು. ಅಪ್ಪ ಅಕ್ಕನ ಮುಂದೆ ನಿಂತು ಬೇಡಿಕೊಂಡರು: “ಅಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ. ಅದು ಬರೇ ಒಂದು ಗಂಟು. ಬಿಟ್ಟು ನಡಿ.” ಅತ್ಯಾ ಕೀಲಿಯನ್ನೇ ನೋಡುತ್ತಿದ್ದಳು. “ಬರೇ ಗಂಟು ಹ್ಯಾಂಗ ಆಗ್ತದೋ ವಾಸು? ಮೂರು ವರ್ಷದಿಂದ ದಾರಿ ಮ್ಯಾಲ ಇದ್ದದ್ದು ಅದು. ನಾವು ಮನ್ಯಾಗ ಉಂಡು ಮಲಗಿದವರು. ಅದನ್ನ ಕೀಲಿ ಒಳಗ ಬಿಟ್ಟು ನಾ ಎಲ್ಲಿಗೆ ಹೋಗಲಿ?” ಎಂದಳು. ಕಂಡಕ್ಟರ್ ಐದು ನಿಮಿಷ ಕಾದ. “ಮಾಸ್ತರ, ಬರ್ತೀರೋ ಇಲ್ಲೋ ಹೇಳಿಬಿಡ್ರಿ” ಎಂದು ಕೂಗಿದ. ಆಮೇಲೆ ಬಸ್ಸು ಹೋಯಿತು. ನಾನು ಆ ಕೀಲಿಯನ್ನು ಹಿಡಿದು ಜಗ್ಗಿದೆ, ಕಲ್ಲಿನಿಂದ ಹೊಡೆದೆ. ಅವ್ವ ನನ್ನ ಬೆನ್ನಿಗೆ ಒಂದು ಕೊಟ್ಟಳು.

ಒಂಬತ್ತು ಗಂಟೆಗೆ ನೀಲವ್ವ ಎರಿಮಣ್ಣು ಮೆತ್ತಿದ ಕಾಲಿನಲ್ಲಿ ನಗುತ್ತ ಬಂದಳು. ನಮಗಾಗಿ ಹೊಲದಿಂದ ಹಸಿ ಸೌತಿಕಾಯಿ ಕಿತ್ತುಕೊಂಡು ಬಂದಿದ್ದಳು. ನಾವು ನಾಲ್ವರೂ ಅವಳ ಕಟ್ಟೆಯ ಮೇಲೆ ಹೋಲ್ಡಾಲಿನ ಪಕ್ಕ ಕೂತದ್ದು ನೋಡಿ, “ಈಗs ಯಾಕ ಬಂದ ಕುಂತೀರಿ? ಬಸ್ಸಿಗೆ ಇನ್ನೂ ಅರ್ಧ ದಿನ ಐತಲ್ರಿ” ಎಂದಳು.  ಅವಳಿಗೆ ಅರ್ಥವಾದದ್ದು ಅಪ್ಪನ ಮುಖ ನೋಡಿ. ಸೌತಿಕಾಯಿ ಕೈಬಿಟ್ಟು ಹಣೆ ಹಣೆ ಬಡಿದುಕೊಂಡಳು. “ಇಲಿ ಕಡದಾವಂತ ನಿನ್ನೆನs ಪೆಟಗಿ ಕ್ವಾಣ್ಯಾಗ ಇಟ್ಟಿದ್ನೆಲ್ರಿ ಗೋದಕ್ಕಾರ. ಹೂವಿನಂಗ ನೋಡ್ಕೊಂಡು ಕಡೀಕ ನಾನs ಕೀಲಿ ಜಡದ್ನೆಲ್ರಿ” ಎಂದು ಅತ್ತಳು. ತಪ್ಪು ನಮ್ಮದು, ಹೇಳದೆ ಇದ್ದವರು ನಾವು. ಅಪ್ಪ ಆ ಮಾತನ್ನು ಹತ್ತು ಸಲ ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಕೀಲಿ ತೆಗೆದು ಗಂಟು ತಂದು ಅತ್ಯಾಳ ಕೈಯಲ್ಲಿಟ್ಟಳು. ಎರಡು ಗಂಟೆಯ ಬಸ್ಸಿಗೆ ನಾವು ಹೊರಟೆವು.

ಮುಂದಿನದೆಲ್ಲ ಒಂದರ ಹಿಂದೊಂದು ತಪ್ಪುತ್ತ ಹೋಯಿತು. ಬಿಜಾಪುರದಲ್ಲಿ ಬೆಳಗಾಂವಿಯ ಬಸ್ಸು ತಪ್ಪಿತು, ಬೆಳಗಾಂವಿಯಲ್ಲಿ ಪಣಜಿಯ ಮೊದಲ ಬಸ್ಸು ತಪ್ಪಿತು. ಘಟ್ಟದಲ್ಲಿ ಅಪ್ಪ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಅತ್ಯಾ ಕಿಟಕಿಯ ಸರಳು ಹಿಡಿದು ಜಪ ಮಾಡುತ್ತಿದ್ದಳು. ನಾವು ದಂಡೆ ಮುಟ್ಟಿದಾಗ ಮೂರು ಗಂಟೆ. ಮೊದಲು ಕಂಡದ್ದು ನೀರಲ್ಲ, ಬೆಳಕು. ಆಮೇಲೆ ಅದು ಕದಲುತ್ತಿದೆಯೆಂದು ತಿಳಿಯಿತು. ಅತ್ಯಾ ಮರಳಿನಲ್ಲಿ ನಿಂತು ಬಹಳ ಹೊತ್ತು ಕೈ ಮುಗಿದಳು. ಆಮೇಲೆ ತಿರುಗಿ, “ತಿಥಿ ಅದ ಏನೋ ವಾಸು?” ಎಂದು ಕೇಳಿದಳು. ಅಪ್ಪ ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿದಿತ್ತು. ಅಪ್ಪಾ ಹೂಂ ಅನ್ನು, ಹೂಂ ಅನ್ನು ಎಂದು ನಾನು ಮನಸ್ಸಿನಲ್ಲೇ ಒದರುತ್ತಿದ್ದೆ. ಆದರೆ ಅವಳ ಕೈಯಲ್ಲಿ ಬೆಳೆದ ತಮ್ಮ ಅವರು, ಸುಳ್ಳು ಬರುತ್ತಿರಲಿಲ್ಲ. “ಎರಡು ತಾಸಿನ ಹಿಂದನs ಮುಗಿದದ. ಆದ್ರೂ ಅಕ್ಕಾ, ಇಲ್ಲಿ ಯಾರು ನೋಡ್ತಾರ?” ಎಂದರು. “ಯಾರಿಗರೆ ತೋರಸ್ಲಿಕ್ಕೆ ಬಂದೇನೇನೋ ನಾನು?” ಎಂದಳು ಅತ್ಯಾ. ಅಷ್ಟೇ.

ನನಗೆ ತಿಥಿಯ ಕಟ್ಟು ಇರಲಿಲ್ಲ, ಸಣ್ಣವಳು ಹೋಗು ಎಂದು ಅವಳೇ ಕಳಿಸಿದಳು. ನಾನು ನೀರಿಗೆ ಬಿದ್ದೆ, ಕುಡಿದೆ, ಕಣ್ಣು ಉರಿಸಿಕೊಂಡೆ. ತಿರುಗಿ ನೋಡಿದರೆ ಅತ್ಯಾ ಸೀರೆಯ ನಿರಿಗೆ ಎತ್ತಿ ಹಿಡಿದು ನಿಂತಿದ್ದಳು. ತೆರೆ ಮುಂದೆ ಬಂದರೆ ಎರಡು ಹೆಜ್ಜೆ ಹಿಂದೆ, ತೆರೆ ಹಿಂದೆ ಸರಿದರೆ ಎರಡು ಹೆಜ್ಜೆ ಮುಂದೆ. ನೊರೆ ತನ್ನ ಬೆರಳಿಗೆ ತಾಗದಂತೆ ಅಷ್ಟು ಎಚ್ಚರ, ಆದರೆ ದೂರವೂ ಹೋಗಲೊಲ್ಲಳು. ನನ್ನ ಸಿಟ್ಟು ನೆತ್ತಿಗೇರಿತು. ಬೊಗಸೆಯಲ್ಲಿ ನೀರು ತುಂಬಿಕೊಂಡು ಅವಳೆದುರಿಗೆ ಓಡಿದೆ. “ಮುಟ್ಟು ಅತ್ಯಾ, ಮುಟ್ಟು!” ಎಂದು ಚೀರಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು, ಬೆತ್ತಕ್ಕೆ ಹೆದರಿದ ಹುಡುಗಿಯ ಹಾಗೆ. ಬೊಗಸೆಯ ನೀರು ಸೋರಿ ಮರಳಿಗಿಳಿಯಿತು. ಅಪ್ಪ ಆಚೆ ಮುಖ ಮಾಡಿಕೊಂಡು ನಿಂತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬಂದರಿಗೆ ಹೋದರೆ ಹಲಗೆಯ ಮೇಲೆ ಬರೆದು ತೂಗುಹಾಕಿದ್ದರು: ಸಮುದ್ರ ಕೆಟ್ಟಿದೆ, ಆಗಬೋಟು ಸದ್ಯಕ್ಕೆ ಹೊರಡುವುದಿಲ್ಲ. ಎಷ್ಟು ದಿನವೆಂದು ಯಾರಿಗೂ ಗೊತ್ತಿರಲಿಲ್ಲ. ಅಮಾವಾಸ್ಯೆ ಇನ್ನೂ ಎರಡು ವಾರ ಆಚೆ. ಅವಲಕ್ಕಿ ಮುಗಿಯುತ್ತ ಬಂದಿತ್ತು, ಅತ್ಯಾ ಬಾಳೆಹಣ್ಣಿನ ಮೇಲಿದ್ದಳು. ಹೋದ ದಾರಿಯಲ್ಲೇ ತಿರುಗಿ ಬಂದೆವು. ಮುಂಬಯಿ ಇಲ್ಲ, ಪಂಢರಪುರ ಇಲ್ಲ, ಬಾಯಿಪಾಠ ಮಾಡಿದ ಒಂದು ಬಂದರೂ ಇಲ್ಲ. ಬಸ್ಸಿನಲ್ಲಿ ಉದ್ದಕ್ಕೂ ನಾನು ಒಂದೇ ವಿಚಾರ ಮಾಡುತ್ತಿದ್ದೆ: ಊರು ಮುಟ್ಟಲಿ, ಆ ನೀಲವ್ವನಿಗೆ ಹೇಳುತ್ತೇನೆ. ನಿನ್ನ ಕೀಲಿಯಿಂದ ಹೀಗಾಯಿತು, ನಿನ್ನ ಕೀಲಿಯಿಂದಲೇ, ಎಂದು ಮುಖದ ಮೇಲೆ ಹೇಳುತ್ತೇನೆ. ಹನ್ನೆರಡು ವರ್ಷದ ಹುಡುಗಿಯ ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಿತ್ತು. ತಿಥಿಯನ್ನು ಬೈಯಲಾಗುತ್ತದೆಯೆ?

ನೀಲವ್ವ ಬಸ್ ನಿಲ್ದಾಣದಲ್ಲೇ ಕೂತಿದ್ದಳು. ನಾವು ಹೋದಂದಿನಿಂದ ಬಿಜಾಪುರದ ಪ್ರತಿ ಬಸ್ಸಿಗೂ ಬಂದು ನೋಡಿ ಹೋಗುತ್ತಿದ್ದಳಂತೆ. ನಾಲ್ಕೇ ದಿನದಲ್ಲಿ ಮುಖ ಇಳಿದುಹೋಗಿತ್ತು, ಎದ್ದವಳು ಹತ್ತಿರ ಬರಲಿಲ್ಲ. ದೂರದಿಂದಲೇ, ಕೇಳಿಸುವುದೋ ಇಲ್ಲವೋ ಎನ್ನುವ ದನಿಯಲ್ಲಿ, “ಗೋದಕ್ಕಾರ... ಸಮುದ್ರಾ... ಸಿಕ್ಕಿತ್ರ್ಯಾ?” ಎಂದಳು. ನಾನು ಬಾಯಿ ತೆರೆದಿದ್ದೆ. ಅತ್ಯಾಳ ಕೈ ನನ್ನ ಹೆಗಲ ಮೇಲೆ ಬಿತ್ತು, ಉಗುರು ನಾಟುವಷ್ಟು ಬಿಗಿಯಾಗಿ. “ಸಿಕ್ತು ನೀಲವ್ವ. ಮೂರು ಸಲ ಮುಳುಗಿದೆ. ಬೆಚ್ಚಗ ಇತ್ತು ನೋಡು, ಈಗs ಒಲಿ ಮ್ಯಾಲಿಂದ ಇಳಿಸಿಧಂಗ” ಎಂದಳು. ನೀಲವ್ವ ನಿಂತಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಸುಳ್ಳಿಗೆ ಎರಡು ದಿನ ಮಾತು ಬಿಡುತ್ತಿದ್ದ ನನ್ನ ಅತ್ಯಾ, ಕಣ್ಣು ಮಿಟುಕಿಸದೆ, ಊರ ಬಸ್ ನಿಲ್ದಾಣದಲ್ಲಿ ಹತ್ತು ಜನರ ಮುಂದೆ ಆ ಮಾತು ಹೇಳಿದಳು. ಅಪ್ಪ ಹೋಲ್ಡಾಲು ಹೊತ್ತು ಮುಂದೆ ನಡೆದುಬಿಟ್ಟರು.

ಆಮೇಲೆ ಎಷ್ಟು ಸಂಜೆ ಅದೇ ಕಥೆ! ನೀಲವ್ವ ಕೇಳುತ್ತಲೇ ಇದ್ದಳು, ಅತ್ಯಾ ಹೇಳುತ್ತಲೇ ಇದ್ದಳು. ನೀರು ಅಂಟುತ್ತದೆಯೇ? ಸ್ವಲ್ಪ ಅಂಟುತ್ತದೆ. ಕಾಲ ಕೆಳಗಿನ ಮರಳು? ಜಾರುತ್ತದೆ, ಯಾರೋ ಕೆಳಗಿನಿಂದ ಎಳೆದಂತೆ. ಇದೆಲ್ಲ ಅತ್ಯಾಳಿಗೆ ಹೇಗೆ ಗೊತ್ತು ಎಂದು ಕೇಳುತ್ತೀರೇನೋ. ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದು ಒಂದೊಂದೇ ಕೇಳಿಟ್ಟುಕೊಳ್ಳುತ್ತಿದ್ದಳು. ನಾನು ಮುನಿಸಿನಿಂದಲೇ ಹೇಳುತ್ತಿದ್ದೆ. ಮತ್ತೊಮ್ಮೆ ಹೋಗೋಣವೆಂದು ಅಪ್ಪ ಎರಡು ಮೂರು ವರ್ಷ ಕೇಳಿದರು. “ಎಲ್ಲಾರೂ ಮುಳುಗಿ ಬಂದ್ಲು ಅಂತ ತಿಳಿದಾರ. ಮತ್ತ ಹೊಂಟ್ರ ನೀಲವ್ವಗ ಏನಂತ ಹೇಳಲಿ?” ಎಂದು ಅತ್ಯಾ ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಆಗಬೋಟೂ ನಿಂತುಹೋಯಿತು. ನಮ್ಮ ಆ ಮಣ್ಣಿನ ಮನೆ ಈಗಿಲ್ಲ, ಅಲ್ಲಿ ಗೊಬ್ಬರ ಮತ್ತು ಸಿಮೆಂಟಿನ ಅಂಗಡಿಯಿದೆ. ಅವ್ವ ಹೋದಳು, ಅಪ್ಪ ಹೋದರು. ನೀಲವ್ವ ಹೋದದ್ದು ಮೊನ್ನೆ ಬೇಸಿಗೆಯಲ್ಲಿ. ಅವಳು ಇರುವತನಕ ಇದನ್ನು ಬರೆಯುವಂತಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅತ್ಯಾ ಹೋದ ದಿನದ್ದೊಂದು ಹೇಳುವುದಿದೆ. ಆಗ ನನಗೆ ಮೂವತ್ತು ದಾಟಿತ್ತು, ಸುದ್ದಿ ತಿಳಿದು ಬಂದಿದ್ದೆ. ಮುಂಜಾನೆಯಿಂದ ಉಸಿರು ಎಳೆಯುತ್ತಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. ಕಾಶಿಗೆ ಹೋಗಿದ್ದ ಯಾರೋ ತಂದುಕೊಟ್ಟ ಗಂಗೆಯ ತಾಮ್ರದ ಗಿಂಡಿ ದೇವರ ಮನೆಯಲ್ಲಿತ್ತು. ಬೆಸುಗೆ ಹಾಕಿದ ಅದರ ಬಾಯಿಯನ್ನು ಅಪ್ಪ ಚಾಕುವಿನ ತುದಿಯಿಂದ ಒಡೆಯುತ್ತಿದ್ದರು, ವಯಸ್ಸಾದ ಕೈ, ಜಾರುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಅತ್ಯಾಳ ಕೈ ಹಿಡಿದು ಕೂತಿದ್ದ ನೀಲವ್ವ, “ಯಾಕ ಒದ್ದಾಡಾಕತ್ತೀರಿ ಮಾಸ್ತರ?” ಎಂದಳು. “ಗೋದಕ್ಕಾರು ಸಮುದ್ರದಾಗ ಮುಳುಗಿ ಬಂದ ಜೀವ. ಎಲ್ಲಾ ಗಂಗಿ ಅದರಾಗನs ಬಂದ್ವಿಲ್ಲೇನ್ರಿ? ಈ ಹನಿ ನೀರು ಅವರಿಗ್ಯಾಕ ಬೇಕು?” ಬೆಸುಗೆ ಅದೇ ಗಳಿಗೆಗೆ ಬಿಟ್ಟಿತು. ಅಪ್ಪ ಗಿಂಡಿ ಹಿಡಿದು ನಿಂತರು. ಅತ್ಯಾ ಕಣ್ಣು ತೆರೆದು ನೀಲವ್ವನನ್ನು ನೋಡಿದಳು, ಆಮೇಲೆ ಅಪ್ಪನನ್ನು. “ಬ್ಯಾಡ ವಾಸು. ನೀಲವ್ವ ಖರೇನs ಹೇಳ್ತಾಳ” ಎಂದಳು.

ನೀಲವ್ವ ಊಟಕ್ಕೆ ಎದ್ದು ಹೋಗಲಿ, ಆಗ ಬಾಯಿಗೆ ಬಿಟ್ಟರಾಯಿತು ಎಂದು ಅಪ್ಪನೂ ನಾನೂ ಕಣ್ಣಿನಲ್ಲೇ ಮಾತಾಡಿಕೊಂಡೆವು. ಅವ್ವ ಎರಡು ಸಲ ಹೇಳಿದಳು, “ನೀಲವ್ವ, ಹೋಗಿ ಒಂದು ತುತ್ತು ಉಂಡು ಬಾ, ನಾವಿದ್ದೇವಿ.” “ನನಗೇನೂ ಹಸಿವಿಲ್ರಿ” ಎಂದು ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು. ನಾವು ಕಾದೆವು. ಮಧ್ಯಾಹ್ನದ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಅದಾದ ಸ್ವಲ್ಪ ಹೊತ್ತಿಗೆ ಅತ್ಯಾ ಹೋದಳು. ಅವಳ ಕೈ ನೀಲವ್ವನ ಕೈಯಲ್ಲಿತ್ತು. ಬಾಯಿ ತೆರೆದ ಗಿಂಡಿ, ತುಂಬಿದ್ದು ತುಂಬಿದ ಹಾಗೆ, ಅಪ್ಪನ ಕೈಯಲ್ಲಿತ್ತು.